ಉಣ್ಣೆಗೆ ಬ್ಯಾಡ

ನೀಲಿ ಕ್ಯಾನು ಹೋಟೆಲಿಗೆ. ನೈಲಾನು, ಜನರ ಬೂಟು,
ಲಿಫ್ಟಿನ ಬಾಯಿಯ ಕಪ್ಪು ಜಿಡ್ಡು.
ಹೊಡೆದು ಹತ್ತು ಮಿನಿಟು ಬಿಟ್ಟರೆ ತಾನೇ ಕೈ ಬಿಡುತ್ತದೆ.
ಬಿಳಿ ಕ್ಯಾನು ಉಣ್ಣೆಗೆ. ಅದು ಮೆತ್ತಗೆ,
ಹಸುಗೂಸಿನ ತಲೆಗೂ ಹಾಕಬಹುದು.
ಎರಡರ ಮೇಲೂ ಎಲ್ಲ ಇಂಗ್ಲಿಷಿನಲ್ಲಿ ಬರೆದಿದೆ.
ಮೌನೇಶ ಓದಬಲ್ಲ, ನಾನು ಓದಲಾರೆ.
ಆದರೂ ತಪ್ಪಿದ್ದು ಅವನೇ.

ಘಾಟ್‌ಕೋಪರ್ ಪೂರ್ವ, ಮೂರನೇ ಮಹಡಿ.
ನಿರುಪಾಬೆನ್ ಮಗಳ ಪೀಠಿ ಮುಗಿದು ಎರಡು ದಿನ.
ಅವರ ಪೀಠಿ ಅಂದರೆ ನಮ್ಮ ಅರಿಶಿನ ಹಚ್ಚುವುದೇ.
ಗೆಳತಿಯರು ಅಟ್ಟಾಡಿ, ಬಟ್ಟಲು ಮಗುಚಿ,
ಭದೋಹಿಯ ರತ್ನಗಂಬಳಿಯ ನಟ್ಟನಡುವೆ
ತಟ್ಟೆಯಗಲ ಹಳದಿ.

ಮೊದಲು ಅಂಚಿನ ಒಂದು ಎಳೆ ಕಿತ್ತು ಸುಡಬೇಕು.
ಕೂದಲು ಸುಟ್ಟ ನಾತ ಬಂದರೆ ಉಣ್ಣೆ,
ಕರಗಿ ಮಣಿಯಾದರೆ ಪ್ಲಾಸ್ಟಿಕ್ಕಿನ ಮಗ.
ನಾನು ಬಾಲ್ಕನಿಯಲ್ಲಿ ಕಡ್ಡಿ ಗೀರುವಷ್ಟರಲ್ಲಿ
ಒಳಗಿಂದ ಚಿಸ್, ಚಿಸ್, ಚಿಸ್.
ಆಮೇಲೆ ಸದ್ದಿಲ್ಲ.
ಆಮೇಲೆ, 'ಅಕ್ಕಾ...'

ಹಳದಿ ಕೆಂಪಾಗಿತ್ತು.
ಕೆಂಪೆಂದರೆ ಕೋಳಿ ಕೊಯ್ದ ಹಾಗೆ,
ಜೈನರ ಮನೆಯಲ್ಲಿ.

ಯಾದಗಿರಿಯಿಂದ ಬಂದು ಇಪ್ಪತ್ತು ದಿನ ಅವನು.
ಗಂಬಳಿಯ ಬೆಲೆಯನ್ನು ತನ್ನ ಪಗಾರದಿಂದ
ಭಾಗಿಸುತ್ತಿದ್ದ, ತುಟಿ ಅಲುಗಿಸಿ.
ನಿರುಪಾಬೆನ್ 'ಹಾಯ್ ಹಾಯ್' ಎಂದು ಸೋಫಾ ಹಿಡಿದು ಕೂತರು.

ನನಗೆ ನಗು ಬಂತು. ಬರಬಾರದಿತ್ತು.
'ಇದು ಆರತಿ ನೀರಲ್ಲೇನೋ ತಮ್ಮಾ?
ಅರಿಶಿಣಕ್ಕ ಚಿಟಿಕಿ ಸುಣ್ಣ ಕದಡಿದ್ರ ಏನಾಕ್ಕೈತಿ?
ಹೊಸ ಸೊಸಿ ಹೊಸ್ತಿಲದಾಗ ನಿಂತಾಗ
ನಿಮ್ಮವ್ವ ಮಾಡಿಲ್ಲೇನು?
ನಿನ್ನ ನೀಲಿ ಕ್ಯಾನು ಅಂದ್ರ ಸುಣ್ಣ. ಅಷ್ಟ.'

ತಟ್ಟೆ ಹಿಡಿಯಲು ನನ್ನನ್ನು ಕರೆಯದೆ ಏಳು ವರ್ಷ.
ನೀರು ಕದಡಲು ಈಗಲೂ ಕರೆಯುತ್ತಾರೆ, ಅಡುಗೆಮನೆಗೆ;
ಆ ಬಣ್ಣ ನನ್ನ ಕೈಗೇ ಬರುವುದಂತೆ.

ಉಜ್ಜಬೇಡ. ಉಜ್ಜಿದರೆ ಉಣ್ಣೆ ಸಿಟ್ಟಾಗುತ್ತದೆ,
ಗಂಟುಗಟ್ಟುತ್ತದೆ, ಮತ್ತೆ ಎಂದೂ ಮಲಗುವುದಿಲ್ಲ.
ಬಿಳಿ ಬಟ್ಟೆ ಒತ್ತು, ಎತ್ತು. ಒತ್ತು, ಎತ್ತು.
ಸುಣ್ಣ ಇಳಿಯಲು ಹುಳಿ ಬೇಕು.
ನಮ್ಮ ಹುಳಿಯ ಬಾಟಲಿ ಮುಗಿದಿತ್ತು.
ಢೋಕ್ಲಾಕ್ಕೆ ಹಾಕುವ ನಿಂಬೆಉಪ್ಪು ಕೇಳಿದೆ.
'ಲಿಂಬು ನಾ ಫೂಲ್' ಎಂದು ಡಬ್ಬಿ ಕೊಟ್ಟರು.
ನಿಂಬೆಯ ಹೂವು!
ನಮ್ಮ ಕಂಪನಿಯವರಿಗೆ ಹೊಳೆಯದ ಹೆಸರು.

ಲೀಟರಿಗೆ ಒಂದು ಚಮಚ. ಮೊದಲು ಸೋಫಾದಡಿಯ ಮೂಲೆಗೆ,
ಬಣ್ಣ ಬಿಡುತ್ತದೋ ಎಂದು, ಹತ್ತು ಮಿನಿಟು.
ಈ ಹತ್ತು ಮಿನಿಟನ್ನು ಯಾವ ಗಿರಾಕಿಯೂ ಕೊಡುವುದಿಲ್ಲ.
ಅಂದು ಮೂವರೂ ಕುಕ್ಕರುಗಾಲಲ್ಲಿ ಕೂತು
ಮೂಲೆಯನ್ನೇ ನೋಡಿದೆವು,
ತೊಟ್ಟಿಲು ನೋಡುವವರ ಹಾಗೆ.

ಕೆಂಪು ಹಿಂಜರಿಯಿತು. ಅಂಚಿನಿಂದ ಒಳಕ್ಕೆ
ಇಟ್ಟಂಗಿ, ಕಿತ್ತಳೆ, ಹಳದಿ.
ನಾಲ್ಕು ಸಲ ಹುಳಿನೀರು, ನಾಲ್ಕು ಸಲ ಮೆಷಿನ್ನು ಹೀರಿತು.
ಉಳಿದ ಹಳದಿಗೆ ಯಾವ ಕ್ಯಾನೂ ಇಲ್ಲ, ಬಿಸಿಲೇ ಬೇಕು.
ಎದುರಿನ ಎರಡು ಟವರುಗಳ ಸಂದಿಯಿಂದ
ಹನ್ನೊಂದೂಕಾಲಿಗೆ ಒಂದು ಪಟ್ಟಿ ಬರುತ್ತದೆ,
ಒಂದೂವರೆಗೆ ಹೋಗುತ್ತದೆ ಎಂದರು ನಿರುಪಾಬೆನ್.
ಹಪ್ಪಳ ಒಣಗಿಸಿದವರ ಲೆಕ್ಕ.
ಬಿಸಿಲು ಸರಿದಂತೆ ಗಂಬಳಿ ಎಳೆದೆವು,
ಟೈಲ್ಸಿನ ಮೇಲೆ, ಗೇಣು ಗೇಣಾಗಿ.
'ನಾಳೆಯೂ ಎಳೆಯಿರಿ, ನಾಡಿದ್ದೂ.'
ಪೂರ್ತಿ ಹೋಗುತ್ತದೆಯೇ ಎಂದು ಕೇಳಿದರು.
ಗೊತ್ತಿಲ್ಲ ಅಂದೆ.
ಅರ್ಧ ದುಡ್ಡು ಕೊಟ್ಟರು.

ಟೆಂಪೋದಲ್ಲಿ ಮೌನೇಶ ನೀಲಿ ಕ್ಯಾನನ್ನು ತೊಡೆಯ ಮೇಲಿಟ್ಟು
ಮಾರ್ಕರಿನಿಂದ ದಪ್ಪಗೆ, ಕನ್ನಡದಲ್ಲಿ ಬರೆದ:
ಉಣ್ಣೆಗೆ ಬ್ಯಾಡ.
ಅಷ್ಟು ನಾನೂ ಓದಬಲ್ಲೆ.

ಗೋವಂಡಿಗೆ ಬಂದು ನಲ್ಲಿಯಡಿ ಸೋಪು ಹಚ್ಚಿದೆ.
ಗಡಿಬಿಡಿಯಲ್ಲಿ ಕೈಗವಸು ಮರೆತಿದ್ದೆ;
ಉಗುರಿನ ಸಂದಿಯ ಅರಿಶಿನ
ಕೆಂಪಾಗಿ ಬೆರಳ ನಡುವೆ ಇಳಿಯಿತು.
ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ.
ಎರಡು ಹನಿ ಹೊಸ್ತಿಲಿಗೆ ಚಿಮುಕಿಸಿದೆ,
ಮಿಕ್ಕಿದ್ದು ಮೋರಿಗೆ.